ಮುಂದಿನ ಸಲದ ಸಮುದ್ರ

ಗೋವಾದಲ್ಲಿ ಇರುತ್ತೇನೆ ಎಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ಮಂದಿ ನನ್ನನ್ನು ನೋಡುವ ರೀತಿಯೇ ಬದಲಾಗುತ್ತದೆ. ನಾನು ಬೆಳಿಗ್ಗೆ ಎದ್ದು ಚಡ್ಡಿ ಹಾಕಿಕೊಂಡು ಅಲೆಗಳಲ್ಲಿ ಮುಳುಗಿ, ಮಧ್ಯಾಹ್ನ ಮರಳಿನ ಮೇಲೆ ಒರಗಿ ಎಳನೀರು ಹೀರಿ, ಸಂಜೆ ಮತ್ತೇನನ್ನೋ ಹೀರುವವನು ಎಂದು ಅವರ ಕಣ್ಣುಗಳೇ ಹೇಳುತ್ತವೆ. ಖರೇ ಸಂಗತಿ ಏನೆಂದರೆ, ವಾಸ್ಕೋದ ಪೇಟೆಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಗಳ ಅಂಗಡಿ ಇದೆ. ಅಪ್ಪ ಧಾರವಾಡದಿಂದ ಬಂದು ಹಾಕಿದ್ದು. ಬೆಳಿಗ್ಗೆ ಷಟರ್ ಎತ್ತಿದರೆ ಇಳಿಸುವವರೆಗೆ ನನಗೆ ಕಾಣುವುದು ಬೋಗುಣಿ, ಕೊಳಗ, ತಾಟು, ಮತ್ತು ಅವುಗಳಲ್ಲೆಲ್ಲ ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿ ಹೊಳೆಯುವ ನನ್ನದೇ ಮುಖ. ಸಮುದ್ರ ದೂರವೇನಿಲ್ಲ. ಗಾಳಿ ಈ ಕಡೆ ತಿರುಗಿದರೆ ಅದರ ವಾಸನೆ ಗಲ್ಲಾಪೆಟ್ಟಿಗೆಯವರೆಗೂ ಬರುತ್ತದೆ. ಆದರೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ ಎಂಬ ಧೈರ್ಯದಿಂದಲೇ ಇರಬೇಕು, ನಾನು ಅದನ್ನು ನೋಡಲು ಹೋಗುವುದಿಲ್ಲ.

ವಿಮಾನ ನಿಲ್ದಾಣವೂ ಹತ್ತಿರವೇ. ವಿಮಾನ ಇಳಿಯುವಾಗಲೆಲ್ಲ ನನ್ನ ಅಂಗಡಿಯಲ್ಲಿ ತೂಗುಹಾಕಿದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಮೊದಮೊದಲು ಅದು ನನಗೆ ಸಂಗೀತದಂತೆ ಕೇಳುತ್ತಿತ್ತು. ಈಗ, ಯಾವ ನೆಂಟರು ಇಳಿದರೋ ಎಂಬ ಮುನ್ಸೂಚನೆಯಂತೆ ಕೇಳುತ್ತದೆ. ಯಾಕೆಂದರೆ ನಮ್ಮ ಬಳಗದಲ್ಲಿ ಈಚೆಗೆ ಎಲ್ಲರೂ ವಿಮಾನ ಹತ್ತುತ್ತಾರೆ, ಮತ್ತು ಎಲ್ಲರೂ ಅಗ್ಗದ ಟಿಕೇಟನ್ನೇ ಹುಡುಕುತ್ತಾರೆ. ಅಗ್ಗದ ಟಿಕೇಟು ಎಂದರೆ ನಡುವೆ ಎಲ್ಲೋ ಒಂದು ಕಡೆ ಅರ್ಧ ದಿನ ಕುಳಿತುಕೊಳ್ಳಬೇಕು. ಗೋವಾದಲ್ಲಿ ಕುಳಿತುಕೊಳ್ಳುವ ಟಿಕೇಟು ಕಂಡರೆ ಅವರಿಗೆ ಎರಡನೇ ಯೋಚನೆಯೇ ಇಲ್ಲ. "ವಸಂತ ಅದಾನಲ್ಲ ಅಲ್ಲೆ!" ನಾನು ವಾಸ್ಕೋದಲ್ಲಿ ಇದ್ದೇನೆ ಎಂಬುದನ್ನು ಟಿಕೇಟು ಮಾರುವವರು ಯಾವಾಗ ಜಾಹೀರಾತಿನಲ್ಲಿ ಹಾಕುತ್ತಾರೋ ಎಂದು ಕಾಯುತ್ತಿದ್ದೇನೆ.

ಹಾಗೆ ಬಂದವರಲ್ಲಿ ಶಾಂತಾ ಅತ್ತೆಯದು ಬೇರೆಯೇ ಕಥೆ. ಅವರು ಅಪ್ಪನ ತಂಗಿ, ನನ್ನ ಸೋದರತ್ತೆ. ನಾನು ಮಾತು ಕಲಿತದ್ದೇ ಅವರ ಬಾಯಿಂದ ಎಂದು ಅಮ್ಮ ಹೇಳುತ್ತಿದ್ದಳು. ಬೈಗುಳಗಳನ್ನಂತೂ ಖಂಡಿತ ಅವರಿಂದಲೇ ಕಲಿತೆ. ಹೈದರಾಬಾದಿನ ಮಗಳ ಮನೆಯಿಂದ ಅಹಮದಾಬಾದಿನ ಮಗನ ಮನೆಗೆ ಹೊರಟಿದ್ದರು. ಮಾವನವರು ಆಗಲೇ ಮಗನ ಮನೆಯಲ್ಲಿ ಕುಳಿತು, ಅಲ್ಲಿಯ ಸಾರಿಗೆ ಸಕ್ಕರೆ ಹಾಕುತ್ತಾರೆಂದು ದಿನಾ ಫೋನಿನಲ್ಲಿ ಗೋಳಾಡುತ್ತಿದ್ದರು. ಅತ್ತೆಯ ಮೊದಲ ವಿಮಾನ ಬೆಳಿಗ್ಗೆ ಇಳಿಯುತ್ತದೆ, ಎರಡನೆಯದು ಸಂಜೆಗೆ. ಟಿಕೇಟು ತೆಗೆದ ದಿನವೇ ಅವರು ನನಗೆ ಫೋನು ಮಾಡಿದರು.

"ವಸಂತಾ, ಈ ಸಲ ನನಗ ಸಮುದ್ರ ತೋರಸ್ಬೇಕು ನೋಡಪಾ. ಮೊಣಕಾಲು ಕೈ ಬಿಡಾಕತ್ತಾವು. ಇನ್ನ ಈ ಕಡೆ ಬರೂದು ಆಗ್ತೈತೋ ಇಲ್ಲೋ."

ನನಗೆ ನಗು ಬಂತು. "ಅತ್ತಿ, ಎಷ್ಟು ಸಲ ಬಂದೀರಿ ಇಲ್ಲಿಗೆ! ಸಮುದ್ರ ನೋಡಿಲ್ಲ?"

"ನಿಮ್ಮಪ್ಪ ತೋರಿಸಿದ್ರಲ್ಲ ನೋಡೂದು?"

ಆಮೇಲೆ ಕೂತು ಯೋಚಿಸಿದೆ. ಹೌದು. ಅತ್ತೆ ಬಂದದ್ದೆಲ್ಲ ಅಂಗಡಿಯ ಪೂಜೆಗೆ, ನನ್ನ ಮದುವೆಗೆ, ನನ್ನ ಮಕ್ಕಳ ಹೆಸರಿಡುವುದಕ್ಕೆ. ಮೊಲೆಂ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಹೊಟ್ಟೆ ತೊಳಸಿಕೊಂಡು ಬರುವುದು, ಬಂದವರೇ ಸೆರಗು ಸಿಕ್ಕಿಸಿ ಹೋಳಿಗೆಗೆ ಹೂರಣ ರುಬ್ಬುವುದು, ಎಲ್ಲರೂ ಉಂಡಮೇಲೆ ಉಂಡು, ಮರುದಿನ ಬಸ್ಸು ಹತ್ತುವುದು. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಕಿಟಕಿಯ ಬಳಿ ನಿಂತು ಹೇಳುತ್ತಿದ್ದ ಮಾತು ನನಗೆ ಇಂದಿಗೂ ಕೇಳುತ್ತದೆ: "ಮುಂದಿನ ಸಲ ಬಂದಾಗ ಪುರುಸೊತ್ತಿಲೆ ಸಮುದ್ರ ತೋರಸ್ತೀನಿ, ಶಾಂತಾ." ಅಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಪ್ರತಿ ಸಲವೂ ಮನಸ್ಸಿನಿಂದಲೇ ಹೇಳುತ್ತಿದ್ದ. ಅಪ್ಪ ಹೋದ ಮೇಲೆ ಅಂಗಡಿಯ ಜೊತೆಗೆ ಈ ಮಾತೂ ನನ್ನ ಪಾಲಿಗೆ ಬಂದಿದೆ ಎಂದು ನನಗೆ ಹೊಳೆದಿರಲಿಲ್ಲ.

ಆದ್ದರಿಂದ ಈ ಸಲ ಗಟ್ಟಿ ಮನಸ್ಸು ಮಾಡಿದೆ. ಅಂಗಡಿಗೆ ಬೀಗ. ಕಾರಿಗೆ ಪೆಟ್ರೋಲು. ನಿಲ್ದಾಣದಿಂದ ಹೊರಬಿದ್ದರೆ ಒಂದು ದಾರಿ ಬೋಗ್ಮಾಳೋ ಸಮುದ್ರದಂಡೆಗೆ, ಇನ್ನೊಂದು ನಮ್ಮ ಮನೆಗೆ. ನಾನು ಮನೆಯ ದಾರಿ ಹಿಡಿದೆ. ಯಾಕೆ ಎಂದು ಕೇಳಬೇಡಿ. ನಮ್ಮ ಕಡೆ ಯಾರೇ ಆಗಲಿ, ಊರಿಗೆ ಬಂದ ಸೋದರತ್ತೆಯನ್ನು ಕೈಕಾಲಿಗೆ ನೀರು ಕೊಡದೆ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಎದುರಿಗೆ ಭೂಮಿಯ ಮೂರು ಪಾಲು ನೀರು ಬಿದ್ದಿದ್ದರೂ, ಮೊದಲು ನಮ್ಮ ಮನೆಯ ಒಂದು ತಂಬಿಗೆ ನೀರೇ ಆಗಬೇಕು.

"ಒಂದ ತುತ್ತು ತಿಂದು ಹೊರಟಬಿಡೂಣು, ಅತ್ತಿ," ಎಂದೆ. ಒಂದು ತುತ್ತು ಎಂದರೆ ಏನೆಂಬುದು ಮನೆಗೆ ಹೋದ ಮೇಲೆ ತಿಳಿಯಿತು. ನನ್ನ ಹೆಂಡತಿ ಸುಮಾ ನಸುಕಿನಲ್ಲೇ ಎದ್ದು ರೊಟ್ಟಿ, ಎಣ್ಣೆಗಾಯಿ, ಎರಡು ಥರದ ಚಟ್ನಿಪುಡಿ, ಗೋಧಿ ಹುಗ್ಗಿ ಮಾಡಿಟ್ಟಿದ್ದಳು. ಅತ್ತೆ ಉಂಡು ಎದ್ದವರು ಕೈ ತೊಳೆಯಲು ಅಡುಗೆಮನೆಗೆ ಹೋದರು. ಹೊರಗೆ ಬರಲಿಲ್ಲ. ಇಣುಕಿ ನೋಡಿದರೆ ರೊಟ್ಟಿ ಬಡಿಯುತ್ತಿದ್ದಾರೆ! "ಸುಮಾನ ರೊಟ್ಟಿ ದಪ್ಪ ಆಗ್ತಾವಪಾ, ಹ್ಯಾಂಗ ತಟ್ಟೂದು ಅಂತ ತೋರಿಸಾಕತ್ತೇನಿ," ಎಂದರು. ಸುಮಾ ನನ್ನ ಕಡೆ ನೋಡಿದಳು. ಆ ನೋಟವನ್ನು ಇಲ್ಲಿ ಬರೆಯಲಾರೆ.

ಅಷ್ಟರಲ್ಲಿ ಕೆಳಗಿನ ಮನೆಯ ಸಾವಕ್ಕ ಬಂದಳು. ಬೆಳಗಾವಿ ಕಡೆಯವಳು. ಮೆಟ್ಟಿಲ ಮೇಲೆ ಹೊಸ ಚಪ್ಪಲಿ ಕಂಡರೆ ಯಾವ ಊರಿನ ಕಾಲು ಎಂದು ವಿಚಾರಿಸದೆ ಬಿಡುವವಳಲ್ಲ. "ನಮ್ಮ ಕಡೆಯವರು ಬಂದಾರಂತ ಗೊತ್ತಾತ್ರಿ. ಒಂದ ಕಪ್ ಚಾ ನಮ್ಮನ್ಯಾಗೂ ಆಗಲೇಬೇಕು." ಒಂದು ಕಪ್ ಚಹಾಕ್ಕೆ ಇಳಿದ ಅತ್ತೆ, ಸಾವಕ್ಕನ ನಾದಿನಿ ತಮ್ಮ ತವರೂರಿನ ಓಣಿಯಲ್ಲೇ ಇದ್ದಾಳೆ ಎಂಬುದನ್ನು ಕಂಡುಹಿಡಿದರು. ನಾನು ಬಾಗಿಲಲ್ಲಿ ಕಾರಿನ ಕೀಲಿ ಕುಣಿಸುತ್ತ ನಿಂತೆ. ಸಾವಕ್ಕ, "ಕೂಡ್ರಿ ಅಣ್ಣಾರ, ಸಮುದ್ರ ಏನ್ ಬತ್ತಿ ಹೋಗ್ತೈತೇನು?" ಎಂದಳು. ಅದು ನನ್ನದೇ ಸಿದ್ಧಾಂತ. ಇನ್ನೊಬ್ಬರ ಬಾಯಿಂದ ಕೇಳಿದಾಗ ಮಾತ್ರ ಮೈಯೆಲ್ಲ ಉರಿಯಿತು.

ಮೇಲೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಇನ್ನು ಹೊರಡಲೇಬೇಕು ಎಂದಾಗ ಸುಮಾ ಮಣೆ ಹಾಕಿದಳು. ಮನೆಮಗಳನ್ನು ಉಡಿ ತುಂಬದೆ ಕಳಿಸುವುದುಂಟೆ? ಅಕ್ಕಿ, ಅರಿಶಿನ ಕೊಂಬು, ಎಲೆ ಅಡಿಕೆ, ಒಂದು ರವಿಕೆ ಖಣ, ನಡುವೆ ದಪ್ಪನೆಯ ತೆಂಗಿನಕಾಯಿ.

"ಅಲ್ಲ ಸುಮಾ, ಕಾಯಿ ಚೆಕಿಂಗ್‌ನಾಗ ಬಿಡಂಗಿಲ್ಲ," ಎಂದೆ.

"ಕಾಯಿ ಇಲ್ಲದ ಉಡಿ ಅದೆಂಥಾ ಉಡಿರೀ? ನಿಮ್ಮ ವಿಮಾನದವರಿಗೆ ತಂಗೇರಿಲ್ಲೇನು?"

ಅತ್ತೆ ಸೆರಗಿನಲ್ಲಿ ಎಲ್ಲವನ್ನೂ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ ಕಾರಿನಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಹೊರಗೆ ನೋಡುತ್ತ ಮೆತ್ತಗೆ ಅಂದರು: "ಹೊತ್ತಾತು ಅಂದ್ರ ಬಿಡಪಾ. ವಿಮಾನಕ್ಕ ಹೋಗೂಣು. ನಿಮ್ಮನ್ನೆಲ್ಲಾ ನೋಡಿದ್ನಲ್ಲ, ಅದ ಭಾಳಾತು."

ನನ್ನ ನಾಲಿಗೆಯ ತುದಿಗೆ ಅಪ್ಪನ ಮಾತು ಬಂದು ಕುಳಿತಿತ್ತು. ಇಷ್ಟು ಹಗುರವಾಗಿ ಬಾಯಿಗೆ ಬರುವ ಮಾತು ಅದು ಎಂದು ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡು ಕಾರನ್ನು ಬೋಗ್ಮಾಳೋ ಕಡೆ ತಿರುಗಿಸಿದೆ.

ದಂಡೆಯಲ್ಲಿ ಕಾರು ನಿಲ್ಲಿಸಿ, "ಅತ್ತಿ, ಬರ್ರಿ, ಲಗೂನ," ಎಂದು ಅವಸರ ಮಾಡಿದೆ. ಅತ್ತೆ ಚಪ್ಪಲಿ ಬಿಟ್ಟು ಮರಳಿಗೆ ಇಳಿದರು. ನಾನು ಒಂದು ಕೈಯಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಅವರ ಕೈಚೀಲ ಹಿಡಿದು, ಬೆರಳ ಸಂದಿಯಲ್ಲಿದ್ದ ಮೊಬೈಲಿನಲ್ಲಿ ಗಂಟೆ ನೋಡುತ್ತ ಹಿಂದೆ ನಡೆದೆ. ನೀರಿನ ಅಂಚಿಗೆ ಬರುವಷ್ಟರಲ್ಲಿ ಮಣಿಸರ ಮಾರುವ ಹೆಣ್ಣುಮಗಳೊಬ್ಬಳು ಎದುರಾದಳು. ಅತ್ತೆಯ ಸೊಂಟದ ಗಂಟು ನೋಡಿದ್ದೇ ತಡ, ಹಿಂದಿಯಲ್ಲಿ ಕೂಗುತ್ತಿದ್ದವಳು ಕನ್ನಡಕ್ಕೆ ಹೊರಳಿದಳು.

"ಯವ್ವಾ, ಉಡಿ ಕಟಗೊಂಡು ಸಮುದ್ರಕ್ಕ ಬಂದೀರಲ್ರಿ! ತವರಮನಿ ಇಲ್ಲೇ ಐತೇನ್ರಿ?"

"ಹೌದವಾ, ಇವ ನನ್ನ ಅಣ್ಣನ ಮಗಾ. ನಿಂದು ಯಾವೂರು?"

"ಇಂಡಿ ಕಡೀದ್ರಿ."

ಅಷ್ಟೇ. ಅತ್ತೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಇಂಡಿಯ ಜೋಳ, ಇಂಡಿಯ ನಿಂಬೆಹಣ್ಣು, ಅವಳ ಮಕ್ಕಳು ಎಷ್ಟು, ಯಾರ ಹತ್ತಿರ ಬಿಟ್ಟಿದ್ದಾಳೆ ಎಂದು ಸುರುಮಾಡಿದರು. "ಅತ್ತೀ!" ಎಂದು ನಾನು ಕೂಗಿದ್ದಕ್ಕೆ ದಂಡೆಯ ಮೇಲೆ ಮಲಗಿದ್ದ ಇಬ್ಬರು ಪರದೇಶದವರು ಎದ್ದು ಕೂತರು.

ಆಗ ಅತ್ತೆ ತಿರುಗಿದರು. ಅಲೆಯೊಂದು ಬಂದು ಪಾದ ಮುಟ್ಟಿ ಹೋಯಿತು. ಅತ್ತೆ ತಲೆ ಬಗ್ಗಿಸಿ ಕಾಲ ಕೆಳಗೇ ನೋಡುತ್ತ ನಿಂತರು. ಇನ್ನೊಂದು ಅಲೆ ಬಂತು. ಸೀರೆಯ ಅಂಚು ತೊಯ್ದಿತು. ದೂರದಲ್ಲಿ, ಮುರ್ಮುಗಾಂವ್ ಬಂದರಿನ ಸರದಿಗೆ ಕಾದು ನಿಂತ ಹಡಗುಗಳು ಕಾಣುತ್ತಿದ್ದವು. "ಅವೂ ನನ್ನಂಗ ನಡುವ ಕಾಯಾಕತ್ತಾವೇನೋ?" ಎಂದರು. ಆಮೇಲೆ ಸೊಂಟದ ಗಂಟು ಬಿಚ್ಚಿ, ಒಂದು ಹಿಡಿ ಅಕ್ಕಿಯನ್ನೂ ತೆಂಗಿನಕಾಯಿಯನ್ನೂ ತೆಗೆದು, ಬಗ್ಗಿ ನೀರಿಗೆ ಬಿಟ್ಟರು. "ಎಷ್ಟ ವರ್ಷ ಕಾಯಿಸಿದೆ ಇಕೀನ್ನ. ಬರೀ ಕೈಲೆ ಬರೂದು ಹ್ಯಾಂಗ?" ಸಮುದ್ರಕ್ಕೇ ಉಡಿ ತುಂಬಿದ್ದರು. ಚೆಕಿಂಗಿನ ಸಮಸ್ಯೆಯೂ ಬಗೆಹರಿಯಿತು ಎಂದು ನನಗೆ ಒಳಗೊಳಗೇ ಖುಷಿ.

ಮುಂದಿನ ಅಲೆ ತೆಂಗಿನಕಾಯಿಯನ್ನು ಉರುಳಿಸಿಕೊಂಡು ತಂದು ನೆಟ್ಟಗೆ ಅತ್ತೆಯ ಪಾದದ ಹತ್ತಿರ ಬಿಟ್ಟಿತು.

ಮಣಿಸರದವಳು ಚಪ್ಪಾಳೆ ತಟ್ಟಿ ನಕ್ಕಳು. "ನೋಡ್ರಿ ಯವ್ವಾ, ಗಂಗವ್ವ ತಿರುಗಿ ನಿಮಗ ಉಡಿ ತುಂಬಿದಳು! ಇನ್ನ ಇದನ್ನ ಬಿಟ್ಟು ಹೋಗಂಗಿಲ್ಲ ನೀವು."

ಬಿಡಲಿಲ್ಲ. ತೊಯ್ದ ಸೀರೆ, ಮರಳು ಮೆತ್ತಿದ ಪಾದ, ಉಡಿಯಲ್ಲಿ ಮತ್ತೆ ಅದೇ ಕಾಯಿ. ಹಾಗೆಯೇ ನಿಲ್ದಾಣಕ್ಕೆ ಓಡಿಸಿದೆ. ಬಾಗಿಲಲ್ಲಿ ಅತ್ತೆ ಕಾಯಿಯನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಕೈಗಿಟ್ಟರು. "ಸುಮಾಗ ಕೊಡು. ನಾಳೆ ಒಡದು ಎಲ್ಲಾರೂ ತಿನ್ರಿ." ಅವರ ಮೊಣಕಾಲಿಗೆಂದು ಮೊದಲೇ ಹೇಳಿಟ್ಟಿದ್ದ ಗಾಲಿಕುರ್ಚಿಯವನು ಅವರನ್ನು ಒಳಗೆ ಕರೆದೊಯ್ದ. ದಾರಿಯುದ್ದಕ್ಕೂ ಸೀರೆಯ ಅಂಚಿನಿಂದ ಮರಳು ಉದುರುತ್ತಿತ್ತು.

ಮರುದಿನ ಅತ್ತೆ ಅಹಮದಾಬಾದಿನಿಂದ ಫೋನು ಮಾಡಿದರು. ಊಟ, ಮಾವನವರು, ಸಕ್ಕರೆ ಸಾರು, ಎಲ್ಲ ಆದಮೇಲೆ ಸಮುದ್ರಕ್ಕೆ ಬಂದರು. ನೀರು ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರಿ, ಯಾರೋ ಮೆಲ್ಲಗೆ ತಮ್ಮನ್ನು ಕರೆದಂತಾಯಿತು ಎಂದರು. ಒಂದು ಸಣ್ಣ ಏಡಿ ಹೆಬ್ಬೆರಳಿನ ಹತ್ತಿರ ಬಂದು ನಿಂತು ನೋಡಿ, ಅಡ್ಡಡ್ಡ ಓಡಿತು ಎಂದರು. ನೀರು ದಂಡೆಯಲ್ಲಿ ಒಂದು ಬಣ್ಣ, ಹಡಗಿನ ಹತ್ತಿರ ಇನ್ನೊಂದು ಬಣ್ಣ ಇತ್ತಂತೆ. ನಾನು ಅಂಗಡಿಯಲ್ಲಿ ಕೊಳಗಗಳ ನಡುವೆ ಕೂತು ಬಾಯಿ ತೆರೆದು ಕೇಳುತ್ತಿದ್ದೆ. ಏಡಿ ಯಾವಾಗ ಬಂತು? ನಾನು ಅಲ್ಲೇ ನಿಂತಿದ್ದೆನಲ್ಲ?

"ಏಡಿ ನಾ ನೋಡಲೇ ಇಲ್ಲಲ್ಲ, ಅತ್ತಿ," ಎಂದೆ.

"ನೀ ಎಲ್ಲಿ ನೋಡ್ತೀಯೋ! ಕೈಯಾಗ ನನ್ನ ಚಪ್ಪಲಿ, ಕಣ್ಣಾಗ ಮೊಬೈಲು. ಬೂಟು ಸೈತ ಬಿಚ್ಚಲಿಲ್ಲ ನೀ." ಆಮೇಲೆ, ಬಸ್ಸಿನ ಕಿಟಕಿಯ ಬಳಿ ನಿಂತು ಯಾರೋ ಹೇಳುತ್ತಿದ್ದರಲ್ಲ, ಅದೇ ದನಿಯಲ್ಲಿ, ಅಷ್ಟೇ ಮನಸ್ಸಿಟ್ಟು ಅಂದರು:

"ಇರಲಿ ಬಿಡು, ವಸಂತಾ. ಮುಂದಿನ ಸಲ ನಾ ಬಂದಾಗ ನಿನಗ ಪುರುಸೊತ್ತಿಲೆ ಸಮುದ್ರ ತೋರಸ್ತೀನಿ."