ಅರ್ಧ ಪಾವಿನ ಸಮೀಕರಣ

ಬೀಜಗಣಿತದಲ್ಲಿ ನನಗೆ ಹಿಡಿಸಿದ್ದು ಅದರ ಸೌಜನ್ಯ. ಗುರುತಿಲ್ಲದವರನ್ನು ಅದು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುವುದಿಲ್ಲ. ಮೊದಲು x ಎಂದು ಕರೆದು ಒಳಗೆ ಕೂರಿಸುತ್ತದೆ. ಯಾರು, ಎಂತು ಎಂಬ ವಿಚಾರಣೆಯೆಲ್ಲ ಆಮೇಲೆ. ಇದನ್ನು ಏಳನೇ ತರಗತಿಯ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಆದರೆ ರಿಪ್ಪನ್‌ಪೇಟೆಗೆ ಬಂದು ಎರಡು ವರ್ಷವಾದರೂ ನಾನು ಒಬ್ಬರನ್ನೂ ಹಾಗೆ ಒಳಗೆ ಕರೆದು ಕೂರಿಸಿಲ್ಲ. ಆಸೆಯಿಲ್ಲವೆಂದಲ್ಲ. ಯಾರಾದರೂ ಬಂದು ನನ್ನ ಕೋಣೆಯಲ್ಲಿ ಒಂದು ತುತ್ತು ಉಂಡು ಹೋಗಲಿ ಎಂದು ದಿನವೂ ಅನ್ನಿಸುತ್ತದೆ. ‘ಊಟಕ್ಕೆ ಬನ್ನಿ’ ಎನ್ನುವ ಮಾತೊಂದು ಮಾತ್ರ ಬಾಯಿಗೆ ಬರುವುದಿಲ್ಲ. ಎಂಎಸ್ಸಿಯಲ್ಲಿ ಅದಕ್ಕೆ ಪಾಠವಿರಲಿಲ್ಲ.

ನಾನಿರುವುದು ಶಾರದಕ್ಕನ ಟೈಲರಿಂಗ್ ಅಂಗಡಿಯ ಮಹಡಿಯ ಮೇಲೆ. ಆಕೆಯ ಗಂಡ ತೀರ್ಥಹಳ್ಳಿ ಕಡೆಯ ಬಸ್ಸಿನ ಚಾಲಕ. ಮನೆಗಿಂತ ಬಸ್‌ಸ್ಟ್ಯಾಂಡಿನಲ್ಲಿ ಉಂಡದ್ದೇ ಹೆಚ್ಚು. ಹಾಗಾಗಿ ಕೆಳಗೆ ಆಕೆ ಒಬ್ಬರು, ಮೇಲೆ ನಾನೊಬ್ಬಳು, ನಡುವೆ ಹೊಲಿಗೆ ಯಂತ್ರದ ಸದ್ದು. ಸಾಗರದಿಂದ ಅಮ್ಮ ಕಟ್ಟಿ ಕಳಿಸಿದ ಕುಕ್ಕರ್ ದೊಡ್ಡ ಸಂಸಾರಕ್ಕೆಂದು ಹುಟ್ಟಿದ್ದು. ಅದರೊಳಗೆ ಅರ್ಧ ಪಾವು ಅಕ್ಕಿ ಹಾಕಿದರೆ ಅದಕ್ಕೆ ಅವಮಾನ. ಸೀಟಿ ಹೊಡೆಯಲೋ ಬೇಡವೋ ಎಂದು ಬಹಳ ಹೊತ್ತು ಮುಸುಮುಸು ಎನ್ನುತ್ತದೆ. “ಮಿಸ್ಸೇ, ನಿಮ್ ಕುಕ್ಕರ್‌ಗೆ ನೆಗಡಿ ಏನ್ರೀ?” ಎಂದು ಶಾರದಕ್ಕ ಕೆಳಗಿನಿಂದ ಕೂಗುತ್ತಾರೆ. ನಾನು ನಗುತ್ತೇನೆ, ಸದ್ದಿಲ್ಲದೆ. ಅದು ಅವರಿಗೆ ಕೇಳುವುದಿಲ್ಲ.

ಮಕ್ಕಳ ವಿಷಯ ಹೇಳಬೇಕು. ಅವರಿಗೆ ಗಣಿತ ಬರುವುದಿಲ್ಲ ಎನ್ನುವುದು ಸುಳ್ಳು. ಗಣಿತವನ್ನು ಅವರು ಮನೆಗೆ ಕರೆದುಕೊಂಡು ಹೋಗುತ್ತಾರೆ, ಅದೇ ತೊಂದರೆ. ಋಣಸಂಖ್ಯೆ ಕಲಿಸುವಾಗ “ಹುಲಿಕಲ್ ಸೊನ್ನೆ ಅಂದುಕೊಳ್ಳಿ, ಅಲ್ಲಿಂದ ಘಾಟಿ ಇಳಿದರೆ ಮೈನಸ್” ಎಂದಿದ್ದೆ. ಒಬ್ಬ ಹುಡುಗ ಗಾಬರಿಯಿಂದ ಎದ್ದು ನಿಂತ. “ಮಿಸ್, ನಮ್ಮತ್ತೇನ ಕುಂದಾಪುರಕ್ಕೆ ಕೊಟ್ಟಿದಾರೆ. ಅವ್ರು ಮೈನಸ್ಸಲ್ಲಿ ಇದಾರಾ?” ಇನ್ನೊಬ್ಬಳಿಗೆ x ಮೇಲೆ ನಂಬಿಕೆಯೇ ಇಲ್ಲ. “ನಿನ್ನೆ ಐದು ಅಂದ್ರಿ, ಇವತ್ತು ಏಳು ಅಂತೀರಿ. ನಾಳೆ ಎಂತ ಅಂತೀರೋ!”

ಇಂಥವರಿಗೆ ಕಿರುಪರೀಕ್ಷೆ ಕೊಡುವಾಗ ಮನೆಯ ಲೆಕ್ಕವೇ ಇರಲಿ ಎಂದುಕೊಂಡೆ. ‘ಒಬ್ಬರಿಗೆ ಅರ್ಧ ಪಾವು ಅಕ್ಕಿ ಬೇಕು. ಒಂದು ಮನೆಯಲ್ಲಿ ಮೂರು ಪಾವು ಅಕ್ಕಿ ಹಾಕಿದರು. ಆ ಮನೆಯಲ್ಲಿ ಎಷ್ಟು ಜನರಿದ್ದಾರೆ?’ ಆರು ಎಂದು ಬರೆಯಲು ಏನು ಕಷ್ಟ? ಉತ್ತರಪತ್ರಿಕೆ ತಿದ್ದುತ್ತಾ ಹೋದರೆ ಅರ್ಧ ತರಗತಿ ಐದು ಎಂದು ಬರೆದಿದೆ. ನಕಲು ಹೊಡೆದಿದ್ದಾರೆ ಎಂದು ಮೊದಲು ಅನುಮಾನ ಬಂತು. ಆದರೆ ಬೇರೆ ಬೇರೆ ಬೆಂಚಿನವರು ನಕಲು ಹೊಡೆಯುವುದು ಹೇಗೆ? ಐದು ಬರೆದವರೆಲ್ಲರಿಗೂ ಸೊನ್ನೆ ಹಾಕಿದೆ.

ಮರುದಿನ ಪತ್ರಿಕೆ ಹಂಚಿದಾಗ ಪ್ರಣತಿ ಎದ್ದು ನಿಂತಳು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ, ಎರಡು ಜಡೆಯ, ಸೊನ್ನೆಯನ್ನು ಸುಲಭಕ್ಕೆ ಒಪ್ಪದ ಹುಡುಗಿ. “ಮಿಸ್, ಮೂರು ಪಾವು ಹಾಕಿದ್ರೆ ಜನ ಐದೇ.”

“ಮೂರನ್ನು ಅರ್ಧದಿಂದ ಭಾಗಿಸು, ಎಷ್ಟಾಯಿತು?”

“ಆರು ಮಿಸ್. ಆದ್ರೆ ಆರನೇದು ಮನೆಯವ್ರಿಗಲ್ಲ. ಯಾರಾದ್ರೂ ಬಂದ್ರೆ ಅಂತ.”

ಐದು ಬರೆದ ಉಳಿದವರೆಲ್ಲ ಹೌದು ಮಿಸ್, ಹೌದು ಮಿಸ್ ಎಂದರು. ಒಬ್ಬರಿಗೆ ಹೆಚ್ಚಿಗೆ ಹಾಕದೆ ಅನ್ನ ಮಾಡುವ ಮನೆ ಇರುತ್ತದೆ ಎಂಬುದೇ ಅವರಿಗೆ ಹೊಸ ಸಂಗತಿ. ಪ್ರಣತಿ x ಜೊತೆಗೆ ಒಂದು ಕೂಡಿಸಿ, ಅದರ ಅರ್ಧ ಮೂರು ಎಂದು ಸಮೀಕರಣ ಬರೆದು, ಒಂದು ಹೆಜ್ಜೆಯನ್ನೂ ಹಾರಿಸದೆ ಬಿಡಿಸಿದ್ದಳು. ನಾನು ತಿದ್ದುವಾಗ ಉತ್ತರವನ್ನಷ್ಟೇ ನೋಡಿದ್ದೆ. “ಪ್ರಶ್ನೆಯಲ್ಲಿ ಇಲ್ಲದ್ದನ್ನು ಸೇರಿಸಬಾರದು” ಎಂದೆ. ಗಣಿತದ ಶಿಕ್ಷಕರು ಸೋಲುವಾಗ ಹೇಳುವ ಮಾತು ಅದು.

“ಹಂಗಾದ್ರೆ ನೀವೆಷ್ಟು ಹಾಕ್ತೀರಿ ಮಿಸ್?”

“ಅರ್ಧ ಪಾವು.”

“ಯಾರಾದ್ರೂ ಬಂದ್ರೆ?”

“ಯಾರೂ ಬರುವುದಿಲ್ಲ.”

ಬೇಸರದಿಂದ ಹೇಳಿದ್ದಲ್ಲ; ದತ್ತಾಂಶವೆಂದು ಹೇಳಿದ್ದು. ಆದರೆ ಇಡೀ ತರಗತಿ ನನ್ನನ್ನೇ ನೋಡಿತು. ಬೋರ್ಡನ್ನು ಅವರು ಎಂದೂ ಅಷ್ಟು ಗಮನವಿಟ್ಟು ನೋಡಿದ್ದಿಲ್ಲ. ನಾನು ಬೋರ್ಡಿನ ಕಡೆ ತಿರುಗಿ, ಅಳಿಸಿದ್ದನ್ನೇ ಮತ್ತೆ ಅಳಿಸಿದೆ.

ಸಂಜೆಗೆ ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಶಾರದಕ್ಕ ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದರು. “ಅರ್ಧ ಪಾವಂತೆ ಹೌದಾ? ನಮ್ಮನೆ ಬೆಕ್ಕೂ ಅಷ್ಟು ಲೆಕ್ಕ ಹಿಡಿದು ತಿನ್ನಲ್ಲ ಮಾರಾಯ್ತಿ!” ತರಕಾರಿ ಅಂಗಡಿಯಲ್ಲಿ ನಾನು ಎರಡೇ ಬದನೆಕಾಯಿ ಕೇಳಿದಾಗ ಅಂಗಡಿಯವರು ನನ್ನನ್ನು ಬಹಳ ಮೃದುವಾಗಿ ನೋಡಿ, ಒಂದನ್ನು ಸುಮ್ಮನೆ ಹೆಚ್ಚಿಗೆ ಹಾಕಿದರು. ಮರುಕವನ್ನು ವಾಪಸು ಕೊಡುವುದು ಹೇಗೆಂದು ತಿಳಿಯದೆ ಚೀಲದಲ್ಲಿ ಹಾಕಿಕೊಂಡು ಬಂದೆ.

ಮಾರನೆಯ ದಿನದಿಂದ ನಾನು ಒಂದು ಪಾವು ಹಾಕತೊಡಗಿದೆ. ಪ್ರಯೋಗಕ್ಕೆ ಎಂದು ನನಗೇ ಹೇಳಿಕೊಂಡೆ. ಕುಕ್ಕರ್ ಹುರುಪಿನಿಂದ ಸೀಟಿ ಹೊಡೆಯಿತು. ಯಾರೂ ಬರಲಿಲ್ಲ. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಯಿತು, ಮಧ್ಯಾಹ್ನ ಮೊಸರನ್ನವಾಯಿತು. ಮೊದಲು ಊಟಕ್ಕೆ ಕೂತರೆ ಊಟ ಮಾಡುತ್ತಿದ್ದೆ. ಈಗ ಮೆಟ್ಟಿಲ ಕಡೆ ಕಿವಿ. ಹೆಚ್ಚಿಗೆ ಅನ್ನ ಮಾಡಿದ ಮೇಲೆ ಯಾರೂ ಬಾರದಿರುವುದಕ್ಕೆ ಒಂದು ಗಾತ್ರ ಬಂದಿತ್ತು. ಅದು ಪಾತ್ರೆಯಲ್ಲಿ ಕಣ್ಣಿಗೆ ಕಾಣುವಂತೆ ಕೂತಿರುತ್ತಿತ್ತು.

ಭಾನುವಾರ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ನಿಜವಾಗಿ ಸದ್ದಾಯಿತು. ಪ್ರಣತಿ, ಹಿಂದೆ ಅವಳಮ್ಮ. ಶಾರದಕ್ಕನಿಗೆ ರವಿಕೆ ಬಟ್ಟೆ ಕೊಡಲು ಬಂದವರು, ಮಿಸ್ಸನ್ನು ನೋಡಿಹೋಗೋಣವೆಂದು ಹತ್ತಿದರಂತೆ. ಕುರ್ಚಿ ಒಂದೇ ಇತ್ತು. ಅಮ್ಮ ಅದರಲ್ಲಿ ಕೂತರು, ಪ್ರಣತಿ ಕುಕ್ಕರಿನ ಎದುರು ನಿಂತಳು. ಎರಡು ವರ್ಷದ ಮಾತನ್ನು ಕಷ್ಟಪಟ್ಟು ಹೊರಗೆ ತಂದೆ. “ಊಟ…?”

“ಎಂಗಳದ್ದು ಆತು ಮಿಸ್, ಉಂಡ್ಕಂಡೇ ಹೊರಟಿದ್ದು. ಎಂತೂ ಬ್ಯಾಡ” ಎಂದರು ಅಮ್ಮ, ಸೆರಗು ಸರಿಮಾಡಿಕೊಳ್ಳುತ್ತ. ಪ್ರಣತಿ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

ಆತು ಎಂದರೆ ಆತು. ಕೊಟ್ಟ ದತ್ತಾಂಶವನ್ನು ನಾನು ಪ್ರಶ್ನಿಸುವವಳಲ್ಲ. “ಹೌದಾ, ಸರಿ” ಎಂದು ಎರಡು ಲೋಟ ನೀರು ಕೊಟ್ಟೆ. ಪ್ರಣತಿಯ ಸಮೀಕರಣ ಸರಿಯಾಗಿದೆ, ಅಂಕ ಹಾಕುತ್ತೇನೆ ಎಂದೂ ಹೇಳಿದೆ. “ಅದಕ್ಕೆ ಬಂದಿದ್ದಲ್ಲ ಮಿಸ್” ಎಂದಳು ಅವಳು. ಅಮ್ಮ ಅವಳ ಕೈ ಹಿಡಿದು ಇಳಿದುಹೋದರು.

ಅವರು ಹೋದ ಹಿಂದೆಯೇ ಶಾರದಕ್ಕ ಮೆಟ್ಟಿಲ ಬುಡದಿಂದ ಕೂಗಿದರು. “ಊಟ ಹಾಕಿದ್ರಾ?”

“ಆಗಿದೆ ಅಂದರು.”

“ಆಗಿದೆ ಅಂತ ಎಲ್ರೂ ಅಂತಾರೆ! ಮತ್ತೆ ಎಂತ, ಹಸಿವಾಗಿದೆ ಬಡಿಸಿ ಅಂತಾರಾ? ಮೂರ್‌ಮೂರು ಸಲ ಕರೀಬೇಕು, ಕೈ ಹಿಡಿದು ಎಳೀಬೇಕು. ರವಿಕೆ ಬಟ್ಟೆನ ಆ ಹುಡುಗಿ ಶಾಲೆಗೆ ಬರುವಾಗ ತಂದಿದ್ರೆ ಆಗ್ತಿರ್ಲಿಲ್ವಾ? ಮಿಸ್ ಮನೆಗೆ ಊಟದ ಹೊತ್ತಿಗೇ ಹೋಗ್ಬೇಕು ಅಂತ ಹಟ ಹಿಡಿದು ಅಮ್ಮನ್ನ ಎಳ್ಕೊಂಡು ಬಂದಿದ್ದು ಅದು.”

ನಾನು ಕೈಯಲ್ಲಿದ್ದ ಸೌಟಿನ ಸಮೇತ ಬಸ್‌ಸ್ಟ್ಯಾಂಡಿಗೆ ಓಡಿದೆ. ರಿಪ್ಪನ್‌ಪೇಟೆಯಲ್ಲಿ ನಾನು ಓಡಿದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಬಸ್ಸು ಹೋಗಿತ್ತು. “ಎಲ್ಲಿಗೆ ಹೊರಟ್ರಿ ಮಿಸ್?” ಎಂದು ಒಬ್ಬ ಆಟೋದವನು ಸೌಟನ್ನೇ ನೋಡುತ್ತ ಕೇಳಿದ. ಎಲ್ಲಿಗೂ ಇಲ್ಲ ಎಂದೆ. ನಿಜವೇ.

ವಾಪಸು ಬಂದಾಗ ಶಾರದಕ್ಕ ಅಂಗಡಿಯ ಬಾಗಿಲಲ್ಲಿ ಒಬ್ಬರೇ ಕೂತಿದ್ದರು. “ಸಿಕ್ಕಿದ್ರಾ?” ಎಂದು ಕೇಳಲೂ ಇಲ್ಲ. ನಾನೇ ಕೇಳಿದೆ. “ನಿಮ್ಮ ಊಟ?”

“ಆಯ್ತು.”

ಈ ಸಲ ನಾನು ನಂಬಲಿಲ್ಲ. “ಬನ್ನಿ ಮೇಲೆ” ಎಂದೆ. “ಆಯ್ತು ಅಂದ್ನಲ್ರೀ.” “ಬನ್ನಿ.” “ಅಯ್ಯೋ, ನಿಜಕ್ಕೂ…” ಮೂರನೆಯ ಸಲಕ್ಕೆ ಕೈ ಹಿಡಿದು ಎಳೆದೇಬಿಟ್ಟೆ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಪಾವಿನ ಅರ್ಧವನ್ನು ತಟ್ಟೆಗೆ ಹಾಕಿ, ಸಾರು ಬಡಿಸಿ, ಉಳಿದರ್ಧದ ತಟ್ಟೆ ಹಿಡಿದು ಎದುರಿಗೆ ನೆಲದ ಮೇಲೆ ಕೂತೆ. ಮೂರನೆಯ ತುತ್ತಿಗೆ ಆಕೆ ದೀರ್ಘವಾಗಿ ತೇಗಿದರು. ತೇಗಿನಲ್ಲಿ ಸ್ಪಷ್ಟವಾಗಿ ಹಲಸಿನ ಪಲ್ಯವಿತ್ತು. ನನ್ನ ಸಾರಿನಲ್ಲಿ ಇದ್ದದ್ದು ಬದನೆಕಾಯಿ. ಶಾರದಕ್ಕ ನಿಜಕ್ಕೂ ಉಂಡಿದ್ದರು.

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಕೆ ಸೊಂಟದ ಗಂಟನ್ನು ಸ್ವಲ್ಪ ಸಡಿಲಿಸಿಕೊಂಡು, “ಉಪ್ಪು ಒಂಚೂರು ಕಮ್ಮಿ” ಎಂದು ಮುಂದಿನ ತುತ್ತಿಗೆ ಕೈ ಹಾಕಿದರು.