ಇಬ್ಬರು ಮುದ್ದಯ್ಯಂದಿರ ನಡುವೆ ನಾನು

ಕೋಣನಕುಂಟೆಯಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲೊಂದು ವೀರಗಲ್ಲಿದೆ. ಹಳೇ ಊರಿನ ಲಕ್ಕಮ್ಮಜ್ಜಿ ದಿನಾ ಸಂಜೆ ಅದಕ್ಕೆ ದೀಪ ಹಚ್ಚುತ್ತಿದ್ದರು. "ನಮ್ಮ ವಂಸದ ಮುದ್ದಯ್ಯ" ಎನ್ನುವುದಷ್ಟೇ ಅವರ ವಿವರಣೆ. ಇಷ್ಟಕ್ಕೇ ಬಿಟ್ಟರೆ ಇತಿಹಾಸಕ್ಕೆ ಅಪಚಾರವಾದೀತೆಂದು, ನಿವೃತ್ತನಾಗಿ ಬೇರೆ ಕೆಲಸವಿಲ್ಲದ ನಾನು ಅಲ್ಲೊಂದು ಫಲಕ ಹಾಕಿಸುವ ಹೊಣೆ ಹೊತ್ತೆ!

ಹಳೆಯ ಪುಸ್ತಕವೊಂದರಲ್ಲಿ ಮುದ್ದಯ್ಯ ಸಿಕ್ಕೇಬಿಟ್ಟ. ನೀರಿನ ಜಗಳದಲ್ಲಿ ಊರ ಕೆರೆಯ ಏರಿ ಒಡೆದವನಂತೆ. ಸಂಶೋಧಕನಾದವನು ಸತ್ಯಕ್ಕೆ ಹೆದರಬಾರದಲ್ಲ? 'ಏರಿ ಒಡೆದ ಮುದ್ದಯ್ಯ' ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಕೆಳಗೆ ನನ್ನ ಹೆಸರು, ಇನ್ನೂ ದಪ್ಪಗೆ.

ಮರುದಿನದಿಂದ ಅಜ್ಜಿಯೂ ಇಲ್ಲ, ದೀಪವೂ ಇಲ್ಲ. ವಾಕಿಂಗಿನವರು ಆ ಮೂಲೆ ಬಿಟ್ಟು ಸುತ್ತಿಕೊಂಡು ಹೋಗತೊಡಗಿದರು. ನಾಯಿಗಳೂ!

"ರೀ, ಲಕ್ಕಮ್ಮಜ್ಜಿ ಊಟ ಬಿಟ್ಟಿದಾರಂತೆ," ಎಂದಳು ಹೆಂಡತಿ ಸರೋಜ. "ನಿಮ್ಮ ಸಂಶೋಧನೆಗಿಷ್ಟು! ಹೋಗಿ ನೀವೇ ದೀಪ ಹಚ್ಚಿ ಬನ್ನಿ."

ಮುಸ್ಸಂಜೆಗೆ ಹೋದೆ. ಹಚ್ಚಿದೆ, ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಗಾಳಿಯೇ ಇರಲಿಲ್ಲ, ಹೊಂಗೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಮೂರನೆಯ ಕಡ್ಡಿ ಗೀರಿದಾಗ ಕಲ್ಲಿನ ಮುಖ ನನ್ನನ್ನೇ ನೋಡುತ್ತಿತ್ತು. ಅದರ ಬುಡದಲ್ಲೆಲ್ಲೋ ನೀರು ಹರಿಯುವ ಸದ್ದು. ಆ ಕೆರೆಯ ಮೇಲೆ ಮನೆಗಳೆದ್ದು ಎಷ್ಟು ವರ್ಷವಾಯಿತು!

"ಯಾವ ಮುದ್ದಯ್ಯನ್ನ ಕರೀತಿದೀರಾ ಸ್ವಾಮಿ?"

ಬೆನ್ನ ಹಿಂದೆಯೇ ದನಿ! ಕಡ್ಡಿಪೆಟ್ಟಿಗೆ ಎಸೆದು ವೀರಗಲ್ಲನ್ನೇ ತಬ್ಬಿಕೊಂಡೆ. ತಿರುಗಿದರೆ, ಲಕ್ಕಮ್ಮಜ್ಜಿ.

"ಏರಿ ಒಡೆದೋನು ತಾತ. ನಮ್ಮಲ್ಲಿ ತಾತನ ಹೆಸ್ರು ಮೊಮ್ಮಗನಿಗೆ ಇಡ್ತೀವಿ. ಈತ ಮೊಮ್ಮಗ. ಇನ್ನೊಂದು ಮಳೆಗಾಲದಾಗೆ ಏರಿ ಬಿರುಕು ಬಿಡ್ತು. ಹೆಸ್ರಿಗೆ ಅಂಟಿದ ಮಸಿ ತೊಳೀಬೇಕು ಅಂತ ಬಿರುಕಿಗೆ ಅಡ್ಡ ಮಲಗಿ ಪ್ರಾಣ ಬಿಟ್ಟ." ನನ್ನ ಕೈ ಹಿಡಿದು ಕಲ್ಲಿನ ಮುಖದ ಮೇಲೆ ಆಡಿಸಿದರು. ಅವರ ಕೈ ಕಲ್ಲಿಗಿಂತ ತಣ್ಣಗಿತ್ತು. "ಮೀಸೆ ಐತಾ? ಇನ್ನೂ ಬಂದಿರ್ಲಿಲ್ಲ ನಮ್ಮ ಮಗೀಗೆ."

ಸಂಶೋಧಕ ಮಹಾಶಯ ಕಲ್ಲಿನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ! ಮನೆ ಬೀಗದ ಕೈ ತೆಗೆದು 'ಏರಿ ಒಡೆದ' ಎಂಬುದನ್ನು ಹೆರೆದು ಹಾಕಿದೆ. ಅಜ್ಜಿ ಕಡ್ಡಿ ಗೀರಿದರು. ದೀಪ ಒಂದೇ ಸಲಕ್ಕೆ ಹತ್ತಿಕೊಂಡು ನೆಟ್ಟಗೆ ಉರಿಯಿತು.

"ನಿಮ್ಮಲ್ಲೂ ಮೊಮ್ಮಗನಿಗೆ ತಾತನ ಹೆಸ್ರು ಇಡ್ತೀರಾ ಸ್ವಾಮಿ?"

"ಹೂಂ ಅಜ್ಜಿ, ನನ್ನ ಮೊಮ್ಮಗನಿಗೆ ನನ್ನದೇ ಹೆಸರು!" ಎಂದೆ, ಎದೆಯುಬ್ಬಿಸಿ.

ಅಜ್ಜಿ ಫಲಕ ನೋಡಿದರು. ನನ್ನನ್ನು ನೋಡಿದರು.

"ಅಯ್ಯೋ ಪಾಪ! ಆ ಮಗೀಗೆ ಏಟೊಂದು ಕೆಲ್ಸ ಮಡಗಿದೀರಪ್ಪಾ!"