ಬಂಡೆಪ್ಪನ ಇಂಗ್ಲಿಷ್ ನಿಧಿ

ಎಲ್ಲದಕ್ಕೂ ಕಾರಣ ಒಂದು ಪಿಜ್ಜಾ. ಹೈದರಾಬಾದಿನ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಬಂಡೆಪ್ಪ, ನಿವಾಸಿಗಳ ಸಂಘದ ಕಾರ್ಯದರ್ಶಿ ವಿಶ್ವಜಿತ್ ಅವರ ಪಿಜ್ಜಾವನ್ನು ಪಕ್ಕದ ಕಟ್ಟಡಕ್ಕೆ ಕಳಿಸಿಬಿಟ್ಟಿದ್ದ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಅಕ್ಷರ ಕೂಡಿಸಿ ಓದುವುದೇನೋ ಅವನಿಗೆ ಬರುತ್ತಿತ್ತು, ಅರ್ಥ ಮಾತ್ರ ದೇವರಿಗೇ ಗೊತ್ತು. ಹಸಿದ ಕಾರ್ಯದರ್ಶಿಗೆ ಕೋಪ ಬಂದರೆ ಕೇಳಬೇಕೆ?

"ಶುಕ್ರವಾರ ಸಾಯಂಕಾಲ ಮೀಟಿಂಗ್ ಇದೆ. ಅಷ್ಟರಲ್ಲಿ ನಾಲ್ಕು ಇಂಗ್ಲಿಷ್ ಮಾತು ಕಲಿತಿರು. ಇಲ್ಲದಿದ್ರೆ ಏಜೆನ್ಸಿಯಿಂದ ಬೇರೆಯವನನ್ನ ಕರೆಸ್ತೀವಿ" ಎಂದುಬಿಟ್ಟರು.

ಕೆಲಸ ಹೋದರೆ ಮೆಟ್ಟಿಲ ಕೆಳಗಿನ ಕೋಣೆಯೂ ಹೋಯಿತು. ಶಹಾಪುರದಿಂದ ಬಂದ ಬಂಡೆಪ್ಪ ಮತ್ತು ಅವನ ಹೆಂಡತಿ ಅಂಬವ್ವನಿಗೆ ಹೈದರಾಬಾದಿನಲ್ಲಿ ಇದ್ದ ಸೂರು ಅದೊಂದೇ. ಅವನು ಗೇಟು ಕಾಯುತ್ತಿದ್ದ, ಅವಳು ಅದೇ ಕಟ್ಟಡದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಎರಡು ದಿನ ಬಂಡೆಪ್ಪನಿಗೆ ಅನ್ನ ಸೇರಲಿಲ್ಲ.

ಅವನ ಬಾಡಿದ ಮುಖ ನೋಡಿ ಮರುಗಿದವಳು ಮೂರನೇ ಮಹಡಿಯ ಮೃಣಾಲಿನಿ, ಉಡುಪಿ ಕಡೆಯ ಸಾಫ್ಟ್‌ವೇರ್ ಹುಡುಗಿ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಟವಳು ಅವನ ಕೈಗೊಂದು ಚೀಟಿ ಕೊಟ್ಟಳು.

"ಪುಸ್ತಕ ಎಲ್ಲ ಬೇಡ ಮಾರಾಯ, ನಿಧಿ ಹುಡುಕುವ ಆಟ ಆಡುವ. ಚೀಟಿಯಲ್ಲಿ ಒಂದು ಸಾಮಾನಿನ ಹೆಸರು ಉಂಟು, ಪಕ್ಕದಲ್ಲಿ ಚಿತ್ರ ಉಂಟು. ಆ ಸಾಮಾನನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಹೆಸರು ಹೇಳು. ಅಲ್ಲಿಯೇ ಮುಂದಿನ ಚೀಟಿ ಇರ್ತದೆ. ಕೊನೆಯದಕ್ಕೆ ಮಾತ್ರ ಚಿತ್ರ ಇಲ್ಲ, ಅದು ಪರೀಕ್ಷೆ. ಪಾಸಾದ್ರೆ ನಿಧಿ ನಿಂದೇ."

ಮೊದಲ ಚೀಟಿಯಲ್ಲಿ ಕನ್ನಡಿ. ಬಂಡೆಪ್ಪ ಸೀದಾ ವಿಶ್ವಜಿತ್ ಅವರ ಸ್ಕೂಟರಿನ ಕನ್ನಡಿಯ ಮೇಲೆ ಬೆರಳಿಟ್ಟು "ಮಿರರ್, ಮಿರರ್" ಎಂದು ಜಪಿಸತೊಡಗಿದ. ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದ ವಿಶ್ವಜಿತ್ ಬಾಲ್ಕನಿಯಿಂದ ಇಣುಕಿದರು. ಕನ್ನಡಿಯಲ್ಲಿ ಮುಖ ನೋಡಿಕೊಂಡು ತನಗೆ ತಾನೇ ಮಾತಾಡುವ ವಾಚ್‌ಮನ್ನನ್ನು ಕಂಡು, ಕೆಲಸ ಹೋಗುವ ಚಿಂತೆಯಲ್ಲಿ ಇವನ ತಲೆ ಕೆಟ್ಟಿದೆ ಎಂದುಕೊಂಡು ಒಳಗೆ ಹೋದರು.

ಕನ್ನಡಿಯ ಹಿಂದೆ ಸಿಕ್ಕ ಎರಡನೇ ಚೀಟಿಯಲ್ಲಿ ಬೂಟು. ಯಾರ ಬೂಟು ಎಂದು ಬರೆದಿರಲಿಲ್ಲ. ಪಾಪ, ಅವನು ಮನೆಮನೆಯ ಬಾಗಿಲ ಮುಂದೆ ಕೂತು ಒಂದೊಂದೇ ಬೂಟಿನೊಳಗೆ ಕೈ ಹಾಕತೊಡಗಿದ. ಮೊದಲ ಮಹಡಿಯ ಸುಮತಿ, ಬೆಂಗಳೂರಿನವರು, ಬಾಗಿಲು ತೆರೆದಾಗ ಅವನ ಮೊಣಕೈವರೆಗೆ ಅವರ ಗಂಡನ ಬೂಟಿನೊಳಗಿತ್ತು.

"ಏನ್ ಮಾಡ್ತಿದೀಯಾ ಬಂಡೆಪ್ಪ?"

"ಇಲಿ ಹೊಕ್ಕೈತ್ರಿ ಅಕ್ಕಾರ, ಹಿಡೀಲಿಕತ್ತೀನ್ರಿ." ಇಂಗ್ಲಿಷ್ ಕಲಿಯುತ್ತಿದ್ದೇನೆ ಎನ್ನಲು ಅವನಿಗೆ ನಾಚಿಕೆ.

ಇಲಿ ಎಂದರೆ ಸುಮತಿಯವರಿಗೆ ಜೀವ ಬಾಯಿಗೆ ಬರುತ್ತಿತ್ತು. ಅವರು ಬೂಟನ್ನು ಕಿತ್ತುಕೊಂಡು ಕೊಡವಿದರು. ಉದುರಿದ್ದು ಇಲಿಯಲ್ಲ, ದಿನಸಿ ಕಟ್ಟಿದ ಕಂದು ಕಾಗದದ ಚೀಟಿ, ಚಿತ್ರವಿಲ್ಲದ್ದು. ಓದಿ ಅವರ ಕಣ್ಣು ಅರಳಿತು. "ಮರದ ಕೆಳಗೆ ನಿಧಿ ಅಂತ ಬರೆದಿದೆಯಲ್ಲೋ."

ಅಷ್ಟರಲ್ಲಿ ಇಳಿದು ಬಂದ ಎರಡನೇ ಮಹಡಿಯ ರೆಡ್ಡಿಗಾರು ಚೀಟಿಯನ್ನು ಮೂಸಿ ನೋಡಿದರು. "ಕಾಗಿತಂ ಪಾತದಿ, ಹಳೇ ಕಾಗದ. ಈ ಜಾಗ ಮೊದಲು ಯಾರೋ ನವಾಬನ ತೋಟ ಇತ್ತಂತೆ, ನಮ್ಮ ತಾತ ಹೇಳ್ತಿದ್ದ" ಎಂದರು. ಅವರ ತಾತ ಹೈದರಾಬಾದನ್ನೇ ಕಂಡವರಲ್ಲ, ಆದರೆ ಆ ಹೊತ್ತಿನಲ್ಲಿ ಅದನ್ನು ಕೇಳುವವರು ಯಾರು?

"ಅದು ಮೃಣಾಲಿನಿ ಮೇಡಮ್ಮಾರು ಇಟ್ಟಿದ್ದರಿ" ಎಂದು ಬಂಡೆಪ್ಪ ಹೇಳಹೊರಟ.

"ಅವಳಿಗೂ ಗೊತ್ತಾ? ಹಾಗಾದ್ರೆ ಅವಳು ಬರೋದ್ರೊಳಗೆ ಮುಗಿಸ್ಬೇಕು" ಎಂದರು ಸುಮತಿ.

ಸುದ್ದಿ ವಿಶ್ವಜಿತ್ ಅವರಿಗೂ ತಲುಪಿ, ಅರ್ಧ ಗಂಟೆಯಲ್ಲಿ ಅಂಗಳದ ಬೇವಿನ ಮರದ ಬುಡದಲ್ಲಿ ಗುದ್ದಲಿ ಏಳತೊಡಗಿತು. ಅಗೆಯುವವನು ಬಂಡೆಪ್ಪ, ಉಳಿದವರು ಮೇಲ್ವಿಚಾರಣೆ. ವಾಚ್‌ಮನ್ನಿಗೆ ತಿಳಿಯಬಾರದೆಂದು ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿದರು. ವಿಶ್ವಜಿತ್ ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಫೋನು ಹಿಡಿದು ಕೆಮ್ಮುತ್ತಾ "ಫೀವರ್ ಸರ್, ಹಾಸ್ಪಿಟಲ್" ಎಂದು ಮ್ಯಾನೇಜರಿಗೆ ಹೇಳಿದರು. ಸುಮತಿ ಫೋನಿನಲ್ಲಿ ಗಂಡನಿಗೆ, ಅತ್ತೆ ಬಾರದಂತೆ ತಡೆಯಲು, "ಮದರ್ ಇನ್ ಲಾ, ನೋ, ನೋ, ಔಟ್ ಆಫ್ ಸ್ಟೇಷನ್" ಎಂದರು. ರೆಡ್ಡಿಗಾರು ವಿಶ್ವಜಿತ್ ಅವರ ಬೆನ್ನಿನತ್ತ ನೋಡಿ "ಯೂಸ್‌ಲೆಸ್ ಸೆಕ್ರೆಟರಿ" ಎಂದು ಸುಮತಿಯವರ ಕಿವಿಯಲ್ಲಿ ಉಸುರಿದರು. ಹೊಂಡದಲ್ಲಿದ್ದ ಬಂಡೆಪ್ಪ ಪುಕ್ಕಟೆ ಪಾಠವೆಂದು ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡ.

ಎದೆಮಟ್ಟ ಅಗೆದಾಗ ಖಣ್ ಎಂದಿತು. ಎಲ್ಲರೂ ಬಗ್ಗಿದರು. ನೀರಿನ ಪೈಪು ಒಡೆದು ಅವರ ಮುಖಕ್ಕೇ ಕಾರಂಜಿಯಂತೆ ಚಿಮ್ಮಿತು.

ಮೃಣಾಲಿನಿ ಸಂಜೆ ಬಂದಾಗ ಕಟ್ಟಡದಲ್ಲಿ ಹನಿ ನೀರಿರಲಿಲ್ಲ. ಅವಳು ಮರದ ಬುಡದಲ್ಲಿಟ್ಟಿದ್ದ ಕೋಡುಬಳೆಯ ರಟ್ಟಿನ ಡಬ್ಬಿಯ ಮೇಲೆ ರೆಡ್ಡಿಗಾರು ಮಧ್ಯಾಹ್ನದಿಂದಲೂ ಕೂತಿದ್ದರು. ನಿಧಿ ಪುಡಿಪುಡಿಯಾಗಿತ್ತು.

ಮೀಟಿಂಗಿನಲ್ಲಿ ಎಲ್ಲರ ಸಿಟ್ಟೂ ಬಂಡೆಪ್ಪನ ಮೇಲೆ. "ನಾಳೆಯೇ ಏಜೆನ್ಸಿಯವನು ಬರಲಿ" ಎಂದರು ವಿಶ್ವಜಿತ್. ಮೃಣಾಲಿನಿ ಎದ್ದು ನಿಂತಳು. "ಕಲಿಯಲಿಕ್ಕೆ ಹೇಳಿದ್ದು ನೀವೇ ಅಲ್ವಾ? ಕಲಿತಿದ್ದಾನಾ ಇಲ್ವಾ ಅಂತಾದ್ರೂ ನೋಡಿ."

"ಸರಿ, ಹೇಳು ನೋಡೋಣ" ಎಂದರು ವಿಶ್ವಜಿತ್.

ಬಂಡೆಪ್ಪನಿಗೆ ಕಲಿತದ್ದು ಒಂದೇ ಪದ್ಧತಿ: ಬೆರಳಿಟ್ಟು ಹೆಸರು ಹೇಳುವುದು. ಯಾವ ಮಾತು ಯಾರಿಂದ ಬಂತೋ ಅವರ ಮೇಲೆಯೇ ಬೆರಳು ತೋರಿಸಿದ. ವಿಶ್ವಜಿತ್ ಕಡೆಗೆ: "ಫೀವರ್. ಹಾಸ್ಪಿಟಲ್." ಅವರದೇ ಕಂಪನಿಯ ಇಬ್ಬರು ಹಿಂದಿನ ಸಾಲಿನಲ್ಲಿ ತಲೆ ಎತ್ತಿದರು. ಸುಮತಿಯ ಕಡೆಗೆ: "ಮದರ್ ಇನ್ ಲಾ. ಔಟ್ ಆಫ್ ಸ್ಟೇಷನ್." ಅವರ ಗಂಡ ಕೆಮ್ಮಿದ. ರೆಡ್ಡಿಗಾರು ಬೆರಳು ತಮ್ಮತ್ತ ತಿರುಗುವ ಮೊದಲೇ ಎದ್ದು ಓಡಹೊರಟರು, ಆದರೂ "ಯೂಸ್‌ಲೆಸ್ ಸೆಕ್ರೆಟರಿ" ಅವರನ್ನು ಬಾಗಿಲಲ್ಲೇ ಹಿಡಿಯಿತು.

ಇಷ್ಟು ವರ್ಷ ಗೇಟಿನ ಬಳಿ ಇಂಗ್ಲಿಷಿನಲ್ಲಿ ಯಾರು ಏನೇನು ಆಡಿದ್ದರೋ ಅದೆಲ್ಲ ಅವರವರಿಗೆ ನೆನಪಾಯಿತು. ಆ ಸಂಘದಲ್ಲಿ ಮೊದಲ ಬಾರಿಗೆ ಒಮ್ಮತದ ನಿರ್ಣಯವೊಂದು ಪಾಸಾಯಿತು: ಗೇಟಿಗೆ ಇಂಗ್ಲಿಷ್ ಬಾರದವರೇ ಬೇಕು, ಬಂಡೆಪ್ಪ ಬೇಡ.

ಬಂಡೆಪ್ಪ ಇಂಗು ತಿಂದ ಮಂಗನಂತೆ ನಿಂತ. ಬಾಗಿಲ ಬಳಿಯಿಂದ ಅಂಬವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಾ ಅದೀನಲ್ರಿ ಯಪ್ಪಾ. ನನಗ ಒಂದಕ್ಷರ ಬರೂದಿಲ್ರಿ."

ಕೆಲಸ ಉಳಿಯಿತು, ಕೋಣೆ ಉಳಿಯಿತು. ಸೀಟಿ ಮಾತ್ರ ಕೊರಳು ಬದಲಿಸಿತು.

ಮರುದಿನ ಬೆಳಿಗ್ಗೆ ಅಂಬವ್ವ ಚಹಾ ಕುಡಿಯಲು ಒಳಗೆ ಬಂದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸುಮತಿ ಅಕ್ಕಾರು ಫೋನಿನಾಗ ಗಂಡಗ ಹೇಳಾಕತ್ತಾರ, ಅತ್ತಿ ಬಂದ್ರ ಈ ಸಲ ತವರಿಗೆ ಹೋಗ್ತೀನಿ ಅಂತ. ಸೆಕ್ರೆಟರಿಗೆ ಮ್ಯಾನೇಜರ್ ಭಾಳ ಬೈದಾನ."

"ಅದೆಲ್ಲಾ ಇಂಗ್ಲಿಷಿನಾಗ ಅಂದಿರಬೇಕಲ್ಲ. ನಿನಗ ಹೆಂಗ ತಿಳೀತು?"

"ಆರು ವರ್ಷ ಇವರ ಮನಿಯಾಗ ಬಾಂಡಿ ತಿಕ್ಕೀನಿ. ತಿಳೀದೇ ಏನ್ ಮಾಡ್ತದ?"

"ಮತ್ತ ನನಗ್ಯಾಕ ಕಲಿಸಲಿಲ್ಲ?" ಎಂದ ಬಂಡೆಪ್ಪ.

"ನಿನ್ನ ಬಾಯಾಗ ಒಂದರ ಮಾತು ನಿಲ್ತೈತೇನು?"

ಹೊರಗೆ ಹಾರ್ನ್ ಕೇಳಿಸಿತು. ಅಂಬವ್ವ ಜೋಳದ ಹಿಟ್ಟಿನ ಪರಾತವನ್ನು ಅವನ ಮುಂದೆ ಸರಿಸಿ, ಏನೂ ತಿಳಿಯದವಳ ಮುಖ ಮಾಡಿಕೊಂಡು ಗೇಟಿನತ್ತ ನಡೆದಳು. ಬಂಡೆಪ್ಪ ತಟ್ಟಿದ ಮೊದಲ ರೊಟ್ಟಿ ನಡುವಿನಲ್ಲೇ ಹರಿಯಿತು.